ಏಳೂ ನಲವತ್ತರ ಗುಳಿಗೆ

ತೀರಿಕೊಂಡು ನಲವತ್ತೇಳು ದಿನವಾಗಿದ್ದರೂ ಅವ್ವ ಬೆಳಿಗ್ಗೆ ಏಳೂ ನಲವತ್ತಕ್ಕೆ ಗುಳಿಗೆ ನುಂಗುತ್ತಿದ್ದಳು.

ಮಂದಾಕಿನಿ ಪರದೆಯ ಮೇಲಿನ ಸಾಲುಗಳನ್ನು ಮೂರು ಸಲ ಓದಿದಳು. ಅಂಬವ್ವ ಕೊಪ್ಪದ, ಏಳೂ ನಲವತ್ತು, ಐದು ಗುಳಿಗೆ. ಮರುದಿನ ಅಂಬವ್ವ ಕೊಪ್ಪದ, ಏಳೂ ನಲವತ್ತೆರಡು, ಐದು ಗುಳಿಗೆ. ಸತ್ತ ಹದಿಮೂರನೇ ದಿನಕ್ಕೆ ಶುರುವಾಗಿ ನಿನ್ನೆಯವರೆಗೆ ಒಂದು ದಿನವೂ ತಪ್ಪಿರಲಿಲ್ಲ. ಬದುಕಿದ್ದಾಗ ವಾರಕ್ಕೆರಡು ಸಲ ಮರೆಯುತ್ತಿದ್ದ ಅವ್ವ, ಮಗಳ ಬೈಗುಳಕ್ಕೆ ಬಗ್ಗದ ಅವ್ವ, ಸತ್ತ ಮೇಲೆ ಇಷ್ಟು ಶಿಸ್ತು ಕಲಿತಿದ್ದಳು.

"ಅಕ್ಕಾರ, ದವಾಖಾನಿಯವರು ಇನ್ನೂ ಫೋನಿನ್ಯಾಗ ಅದಾರ," ಎಂದ ಪಕ್ಕದ ಮೇಜಿನ ಇರ್ಫಾನ್. "ಏನು ಹೇಳ್ಲಿ? ಹಲ್ಲು ಕಿತ್ತಿಸ್ಕೊಂಡಾಳಂತ ಮುದುಕಿ, ನಿನ್ನೆ ಸಂಜಿಯಿಂದ ರಕ್ತ ನಿಂತಿಲ್ಲಂತ. ಕಂಕಣದ ದೀಪ ಮಾತ್ರ ಹಸಿರು ಐತಿ. ನಿಮ್ಮ ಲೆಕ್ಕದಾಗ ಏನರ ಬಿಟ್ಟುಹೋಗೈತೇನು ಅಂತ ಕೇಳಾಕತ್ತಾರ."

"ಹೆಸರೇನಂದಿ?"

"ನೀಲಗಂಗವ್ವ ಹಾದಿಮನಿ. ಬೆಟಗೇರಿಯಾಕಿ."

ಹೆಸರು ಅವಳಿಗೆ ಮೊದಲ ಸಲ ಕೇಳಿದಾಗಲೇ ಗೊತ್ತಾಗಿತ್ತು. ಇನ್ನೊಮ್ಮೆ ಕೇಳಿದರೆ ಬೇರೆ ಯಾರದಾದರೂ ಆದೀತೇನೋ ಎಂದು ಕೇಳಿದ್ದಳು, ಅಷ್ಟೆ.

ಆ ಕೊಠಡಿಗೆ ಔಷಧ ನಿಗಾ ಕೇಂದ್ರ ಎಂದು ಹೆಸರು. ಒಂದೂವರೆ ವರ್ಷದಿಂದ ಜಿಲ್ಲೆಯಲ್ಲಿ ಮಾರಾಟವಾಗುವ ಪ್ರತಿ ಗುಳಿಗೆಯ ಒಡಲಲ್ಲೂ ಸಾಸಿವೆಗಿಂತ ಸಣ್ಣದಾದ ಒಂದು ಚೂರು ಇರುತ್ತಿತ್ತು. ಜಠರದ ಹುಳಿ ತಾಗಿದ ಕೂಡಲೇ ಅದು ನಾಲ್ಕು ನಿಮಿಷ ಮಿಡಿದು ಕರಗಿಹೋಗುತ್ತಿತ್ತು. ಆ ಮಿಡಿತಕ್ಕೆ ಎರಡೇ ಮಾತು ಗೊತ್ತು: ನಾನು ಇಂಥ ಔಷಧ, ನಾನು ಇಂಥವರ ಹೆಸರಿನಲ್ಲಿ ಕೊಟ್ಟದ್ದು. ಮಣಿಕಟ್ಟಿನ ಕಂಕಣ ಅದನ್ನು ಕೇಳಿಸಿಕೊಂಡು ಕೇಂದ್ರಕ್ಕೆ ದಾಟಿಸುತ್ತಿತ್ತು. ಯಾವ ಗುಳಿಗೆಯ ಜೊತೆ ಯಾವುದು ಸೇರಿದರೆ ಆಪತ್ತು ಎಂದು ಕೇಂದ್ರದ ಯಂತ್ರ ಲೆಕ್ಕ ಹಾಕಿ ಕಂಕಣದ ದೀಪವನ್ನು ಹಸಿರು, ಹಳದಿ ಇಲ್ಲವೇ ಕೆಂಪು ಮಾಡುತ್ತಿತ್ತು. ಕೆಂಪಾದರೆ ಒಂದು ಗಂಟೆಯೊಳಗೆ ಮನೆಗೆ ಫೋನು. ಕಣ್ಣಿನ ಡಾಕ್ಟರು, ಮೂಳೆ ಡಾಕ್ಟರು, ಸಕ್ಕರೆ ಡಾಕ್ಟರು ತಮ್ಮ ತಮ್ಮ ಚೀಟಿ ಬರೆಯುತ್ತಾರೆ; ಎಲ್ಲ ಚೀಟಿಗಳೂ ಹೋಗಿ ಕೂಡುವುದು ಒಂದೇ ಹೊಟ್ಟೆಯಲ್ಲಿ. ಆ ಹೊಟ್ಟೆಯ ಪರವಾಗಿ ಮಾತಾಡಲು ಒಬ್ಬರಾದರೂ ಇರಲಿ ಎಂದು ಈ ಕೇಂದ್ರ. ಅದರ ಲೆಕ್ಕವನ್ನೆಲ್ಲ ಬರೆದವಳು ಮಂದಾಕಿನಿ.

ಮೊದಮೊದಲು ಜನ ಆಡಿದ್ದೇ ಆಟ. ಒಬ್ಬ ಅಜ್ಜ ಕಂಕಣ ಬಿಚ್ಚಿ ಎಮ್ಮೆಯ ಕೊಂಬಿಗೆ ಕಟ್ಟಿದ. ಒಬ್ಬ ಹೆಂಗಸು ಫೋನು ಮಾಡಿ, "ನನ್ನ ಗಂಡನ ಗ್ಯಾಸಿನ ಗುಳಿಗಿ ನನ್ನ ಹೆಸರಿಗೆ ಯಾಕ ಹಚ್ಚೀರಿ? ಒಂದ ಹಾಸಿಗ್ಯಾಗ ಮಲಗ್ತೀವಿ, ಅದಕ್ಕೂ ನಿಮ್ಮ ಪರ್ಮಿಷನ್ ಬೇಕೇನು?" ಎಂದು ಜಾಡಿಸಿದಳು. ತಪ್ಪು ಅವಳದಲ್ಲ. ಕಂಕಣದ ಕಿವಿ ಒಂದು ಮಾರು ದೂರದವರೆಗೂ ಚುರುಕಾಗಿತ್ತು. ಪಕ್ಕದವರ ಹೊಟ್ಟೆಯ ಮಿಡಿತವನ್ನೂ ಕೇಳಿಸಿಕೊಳ್ಳುತ್ತಿತ್ತು. ದಿನಕ್ಕೆ ನಾಲ್ಕು ನೂರು ಸುಳ್ಳು ಕೆಂಪು. ಕೊನೆಗೆ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪಟ್ಟಣಶೆಟ್ಟಿ ಕೇಳಿದ್ದರು: "ದಿನಾ ತೋಳ ಬಂತು ಅಂತ ಕೂಗಿದ್ರ, ಖರೇ ಬಂದಾಗ ಯಾರು ಹೊರಗ ಬರ್ತಾರವ್ವಾ?"

ಮಂದಾಕಿನಿ ಒಂದು ಸಾಲು ಬರೆದಳು. ಗುಳಿಗೆ ಹೇಳುವ ಹೆಸರೂ ಕಂಕಣದ ಹೆಸರೂ ಹೊಂದದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ 'ಗದ್ದಲ' ಎಂಬ ಕಡತಕ್ಕೆ ಎಸೆಯುವುದು. ಗಂಡನ ಗುಳಿಗೆಯನ್ನು ಗಂಡನ ಕಂಕಣವೂ ಕೇಳಿರುತ್ತದೆ, ಹಾಗಾಗಿ ಅದು ಗದ್ದಲವೇ. ಆದರೆ ಒಡೆಯನ ಕಂಕಣಕ್ಕೆ ಕೇಳದೆ ಬೇರೆಯವರ ಕಂಕಣಕ್ಕೆ ಮಾತ್ರ ಕೇಳಿದ ಗುಳಿಗೆ ಗದ್ದಲವಲ್ಲ. ಅದು ಬೇರೆಯವರ ಹೊಟ್ಟೆ ಸೇರಿದ ಗುಳಿಗೆ. ಇದು ಅವಳಿಗೆ ಆವತ್ತೇ ಹೊಳೆದಿತ್ತು. ಸಾಲಿನ ಪಕ್ಕದಲ್ಲಿ 'ಆಮೇಲೆ ನೋಡಬೇಕು' ಎಂದು ಬರೆದುಕೊಂಡಿದ್ದಳು. ಆಮೇಲೆ ನೋಡಿರಲಿಲ್ಲ. ಇವತ್ತು ತೆರೆದಿದ್ದ ಸಾಲುಗಳು ನೀಲಗಂಗವ್ವನ ಕಂಕಣ ಕೇಳಿಸಿಕೊಂಡು ಆ ಕಡತಕ್ಕೆ ಬಿದ್ದವು.

ಈಗ ಅವಳು ಇರ್ಫಾನನ ಕೈಯಿಂದ ಫೋನು ಇಸಿದುಕೊಂಡಳು.

"ಡಾಕ್ಟರೇ, ಅವರು ರಕ್ತ ತೆಳುವಾಗೋ ಗುಳಿಗಿ ತಗೊಂಡಾರ. ಮೂವತ್ತನಾಲ್ಕು ದಿನದಿಂದ. ಜೊತೀಗೆ ಮೊಣಕಾಲು ನೋವಿನ ಗುಳಿಗಿನೂ ನಡದೈತಿ. ಎರಡೂ ಕೂಡಿ ಹಿಂಗಾಗೈತಿ."

ಆ ಕಡೆ ಯಾರಿಗೋ ವಿಟಮಿನ್ ಕೆ ಇಂಜೆಕ್ಷನ್ ತರಲು ಕೂಗಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದ ಡಾಕ್ಟರು ಕೇಳಿದರು: "ಮತ್ತೆ ದೀಪ ಹಸಿರು ಹೆಂಗ ಇತ್ತು? ಅದನ್ನ ನೋಡೇ ಹಲ್ಲು ಕಿತ್ತಾರ. ಯಾರ ತಪ್ಪಿದು?"

"ವ್ಯವಸ್ಥೆದು," ಎಂದಳು ಮಂದಾಕಿನಿ.

ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ಎಷ್ಟೋ ದಿನದಿಂದ ಅಲ್ಲೇ ಇಟ್ಟುಕೊಂಡಿದ್ದಳೇನೋ ಎಂದು ಅವಳಿಗೇ ಅನ್ನಿಸಿತು.

ಆ ಗುಳಿಗೆಗಳು ಬಂದದ್ದು ಅವ್ವನ ಚಂಚಿಯಿಂದ. ಮೂರು ಜೇಬಿನ ಬಟ್ಟೆ ಚೀಲ, ಹಸಿರು ದಾರದ ಹೊಲಿಗೆ. ನಲವತ್ತು ವರ್ಷ ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಇದ್ದವು. ಎದೆಯ ಕವಾಟ ಕೆಟ್ಟಿದೆ ಎಂದು ಡಾಕ್ಟರು ಎಲೆಯಡಿಕೆ ಬಿಡಿಸಿದಾಗ ಅವ್ವ ಚಂಚಿಯನ್ನು ಬಿಡಲಿಲ್ಲ. ಎಲೆ ಇದ್ದಲ್ಲಿ ಬಿಪಿಯ ಗುಳಿಗೆ, ಅಡಿಕೆ ಇದ್ದಲ್ಲಿ ಸಕ್ಕರೆಯದು, ಸುಣ್ಣದ ಜಾಗದಲ್ಲಿ ಎದೆಯದು. ಹಾಳೆಯಲ್ಲಿದ್ದರೆ ಜೇಬಿಗೆ ಹಿಡಿಸುವುದಿಲ್ಲವೆಂದು ಮೂರು ತಿಂಗಳ ಗುಳಿಗೆಗಳನ್ನೂ ಬಿಡಿಸಿ ಬಿಡಿಸಿ ತುಂಬುತ್ತಿದ್ದಳು. ಯಾವ ಗುಳಿಗೆಯ ಮೇಲೂ ಹೆಸರಿಲ್ಲ. ಬೇಕಾದ್ದೆಲ್ಲ ಅವ್ವನ ಬೆರಳಿಗೆ ಗೊತ್ತಿತ್ತು. ಮತ್ತು ನೀಲಗಂಗವ್ವನಿಗೆ.

ಎರಡು ಓಣಿ ಆಚೆಯ, ಮಂದಾಕಿನಿ ಚಿಗವ್ವ ಎಂದು ಕರೆಯುವ ನೀಲಗಂಗವ್ವ ಎರಡು ವರ್ಷ ದಿನಾ ಬೆಳಿಗ್ಗೆ ಬಂದು ಅವ್ವನ ಮೈ ತೊಳೆದು, ತಲೆ ಬಾಚಿ, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿ, ಏಳೂ ನಲವತ್ತಕ್ಕೆ ಅಂಗೈ ಮೇಲೆ ಐದು ಗುಳಿಗೆ ಇಡುತ್ತಿದ್ದಳು. ಮಂದಾಕಿನಿ ಅಷ್ಟೊತ್ತಿಗೆ ಕೇಂದ್ರದ ದಾರಿ ಹಿಡಿದಿರುತ್ತಿದ್ದಳು, ಊರ ಮಂದಿಯ ಗುಳಿಗೆ ಕಾಯಲು.

ದಿನದ ಕಾರ್ಯ ಮುಗಿದ ಮಾರನೆಯ ದಿನ ಸತ್ತವರ ಸಾಮಾನು ಹಂಚುವುದು ವಾಡಿಕೆ. ಇಳಕಲ್ ಸೀರೆಗಳು ಅತ್ತಿಗೆಗೆ ಹೋದವು. ಕೊಡೆ, ಚಪ್ಪಲಿ, ಕಂಬಳಿಗಳೂ ಯಾರು ಯಾರಿಗೋ ಸೇರಿದವು. ಕೊನೆಗೆ ಬಾಗಿಲ ಬಳಿ ನಿಂತಿದ್ದ ನೀಲಗಂಗವ್ವ ಹೇಳಿದಳು: "ನನಗ ಸೀರಿ ಗೀರಿ ಬ್ಯಾಡ ಮಂದಾ. ಅಕಿ ಚಂಚಿ ಒಂದ ಕೊಡು."

ಮಂದಾಕಿನಿಯ ಕಿವಿಯಲ್ಲಿ ಫೋನಿತ್ತು. ಆ ಕಡೆ ಪಟ್ಟಣಶೆಟ್ಟರು. ಸುಳ್ಳು ಕೆಂಪಿನ ಕಾಟ ಇವತ್ತೇ ಮುಗಿಯಬೇಕು ಎನ್ನುತ್ತಿದ್ದರು. "ಹೆಸರು ಹೊಂದಲಿಲ್ಲ ಅಂದ್ರ ಗದ್ದಲಕ್ಕ ಹಾಕಿಬಿಡ್ತೀನ್ರೀ ಸರ್," ಎನ್ನುತ್ತಲೇ ಅವಳು ಗೂಟದಿಂದ ಚಂಚಿ ತೆಗೆದು ಕೊಟ್ಟಳು. ಅದು ತುಂಬಿದೆ ಎಂದು ಕೈಗೆ ಗೊತ್ತಾಯಿತು. ನೀಲಗಂಗವ್ವ ಜೇಬು ಬಿಚ್ಚಿ ನೋಡಿ ಏನೋ ಕೇಳಿದಳು. ಮಂದಾಕಿನಿ ಫೋನಿನ ಮೇಲೆ ಕೈ ಮುಚ್ಚಿ "ಹೂಂ ಹೂಂ" ಎಂದಳು.

ಏನು ಕೇಳಿದ್ದಳು? ಆಸ್ಪತ್ರೆಗೆ ಹೋಗುವ ಆಟೊದಲ್ಲಿ ಕೂತು ಮಂದಾಕಿನಿ, ನೆನಪಾಗುತ್ತಿಲ್ಲ ಎಂದು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಂಡಳು.

ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ. ನೀಲಗಂಗವ್ವನ ಒಂದು ಕೆನ್ನೆ ಹತ್ತಿ ತುರುಕಿ ಉಬ್ಬಿತ್ತು. ಮೊಣಕೈಗಳ ಮೇಲೆ ನೀಲಿ ಕಲೆಗಳು. ಸೆರಗಿನ ತುದಿಯಲ್ಲಿ ಒಣಗಿದ ರಕ್ತ. ಸೊಸೆ ಕಸ್ತೂರಿ ಮಂಚದ ಬುಡದಲ್ಲಿ ನಿಂತು ಇಡೀ ವಾರ್ಡಿಗೆ ಕೇಳುವಂತೆ ಹೇಳುತ್ತಿದ್ದಳು.

"ಕೇಳ್ರಿ ಅಕ್ಕಾರ ಈ ಚಂದಾನ! ಸತ್ತಾಕಿ ಗುಳಿಗಿ ನುಂಗ್ಯಾಳಂತ ನಮ್ಮತ್ತಿ. ಒಂದಲ್ಲ ಎರಡಲ್ಲ, ದಿನಾ ಐದೈದು! ನಮ್ಮ ಮನ್ಯಾಗ ಹೊಟ್ಟಿಗೆ ಹಾಕಿಲ್ಲಂತ ತಿಳೀಬೇಕು ಮಂದಿ. ಪಕ್ಕದ ಮಂಚದಾಕಿ ಕೇಳ್ತಾಳ, ಹುರಿದ ಪುಟಾಣಿ ಅಂತ ತಿಂದ್ಲೇನು ಅಂತ."

"ಸುಮ್ಮನಿರ..." ನೀಲಗಂಗವ್ವನ ಮಾತು ಹತ್ತಿಯಲ್ಲಿ ಸಿಕ್ಕಿಕೊಂಡಿತು.

"ಏನು ಸುಮ್ಮನಿರೋದು? ಡಾಕ್ಟರು ನನಗ ಬೈತಾರ. ಮನ್ಯಾಗ ಹಿರೇರನ್ನ ಹಿಂಗ ನೋಡ್ಕೊಂತೀರೇನು ಅಂತ. ನಾ ಏನು ಅಕಿ ಬಾಯಾಗ ಬೆರಳಿಟ್ಟು ನೋಡ್ಲಾ?" ಕಸ್ತೂರಿ ತಿರುಗಿ ಮಂದಾಕಿನಿಯನ್ನು ಕೇಳಿದಳು: "ಅಕ್ಕಾರ, ನೀವು ಕೊಟ್ಟಿದ್ದು ಚಂಚಿ. ಗುಳಿಗಿ ಅಲ್ಲ. ಹೌದಿಲ್ರಿ?"

ಮಂದಾಕಿನಿಯ ಕುತ್ತಿಗೆ ಅಲುಗಿತು. ಹೌದೆಂದೂ ಹೇಳಬಹುದು, ಅಲ್ಲವೆಂದೂ ಹೇಳಬಹುದು, ಅಂಥ ಅಲುಗಾಟ. ಅವಳು ಬಾಗಿ ಚಾದರದ ಮಡಿಕೆ ಸರಿಮಾಡತೊಡಗಿದಳು.

ನೀಲಗಂಗವ್ವ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಸೊಸೆಯ ಕಡೆ ಹೊರಳಿ, ಒಂದೊಂದೇ ಅಕ್ಷರವನ್ನು ಹತ್ತಿಯ ಸಂದಿನಿಂದ ಹೊರಗೆ ದಬ್ಬಿದಳು: "ನಾನ... ತಗೊಂಡೆ. ಒಳ್ಳೆ ಗುಳಿಗಿ ಹಾಳಾಗಬಾರದಂತ. ನನ್ನ ಬುದ್ಧಿ. ಅಕಿ ಮನಿ ಮ್ಯಾಲೆ ಹಾಕಬ್ಯಾಡ."

ಮಡಿಕೆ ಎಷ್ಟು ಎಳೆದರೂ ಸರಿಹೋಗಲಿಲ್ಲ.

ಮರುದಿನ ಕೇಂದ್ರದಲ್ಲಿ ವರದಿ ತುಂಬಬೇಕಿತ್ತು. 'ಘಟನೆಗೆ ಕಾರಣ' ಎಂಬಲ್ಲಿ ಆಯ್ದುಕೊಳ್ಳಲು ನಾಲ್ಕು ಉತ್ತರಗಳು: ವೈದ್ಯರ ತಪ್ಪು, ಅಂಗಡಿಯ ತಪ್ಪು, ರೋಗಿ ತಾನಾಗಿ ಸೇವಿಸಿದ್ದು, ತಿಳಿದಿಲ್ಲ. ಆ ನಾಲ್ಕನ್ನು ಬರೆದವಳೂ ಅವಳೇ. ಐದನೆಯದು ಬೇಕಾದೀತೆಂದು ಆಗ ತೋಚಿರಲಿಲ್ಲ. ಅವಳು 'ರೋಗಿ ತಾನಾಗಿ ಸೇವಿಸಿದ್ದು' ಎಂಬುದನ್ನು ಒತ್ತಿದಳು. ಒತ್ತಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಆಮೇಲೆ ಗದ್ದಲದ ಕಡತ ತೆರೆದು ಸತ್ತವರ ಗುಳಿಗೆಗಳನ್ನಷ್ಟೇ ಬೇರೆ ಮಾಡಲು ಕೂತಳು. ಸತ್ತವರ ಕಡತವನ್ನು ಯಂತ್ರ ಮುಚ್ಚಿಬಿಡುತ್ತಿತ್ತು. ಅವರ ಮನೆಯ ಗೂಟದಲ್ಲಿ, ದೇವರ ಗೂಡಿನಲ್ಲಿ, ಬಿಸ್ಕಿಟ್ ಡಬ್ಬಿಯಲ್ಲಿ ಉಳಿದ ಗುಳಿಗೆಗಳಿಗೆ ಮಾತ್ರ ಒಡೆಯ ಸತ್ತದ್ದು ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಸಿದ್ಧವಾಯಿತು. ಮುನ್ನೂರ ಹನ್ನೆರಡು ಮಂದಿ ಸತ್ತವರು ಜಿಲ್ಲೆಯಲ್ಲಿ ದಿನಾ ಗುಳಿಗೆ ನುಂಗುತ್ತಿದ್ದರು. ತಮ್ಮನ ಹೊಟ್ಟೆಯಲ್ಲಿ ಅಣ್ಣ. ಸೊಸೆಯ ಹೊಟ್ಟೆಯಲ್ಲಿ ಮಾವ. ಒಬ್ಬ ನಿವೃತ್ತ ಮಾಸ್ತರರ ಗುಳಿಗೆ ಮೂರು ಮನೆಗಳಲ್ಲಿ ಮಿಡಿಯುತ್ತಿತ್ತು.

"ಅಕ್ಕಾರ, ಇಲ್ಲಿ ನೋಡ್ರಿ," ಇರ್ಫಾನ್ ದನಿ ತಗ್ಗಿಸಿದ. "ಈ ನುಂಗಾವರದೂ ಕೆಲವರ ಕಡತ ಮುಚ್ಚೈತಿ."

ಆರು ಹೆಸರು. ಸತ್ತವರ ಗುಳಿಗೆ ನುಂಗಿದವರು, ತಾವೂ ಸತ್ತವರು. ಆರೂ ಕಂಕಣಗಳ ದೀಪ ಕೊನೆಯ ದಿನದವರೆಗೆ ಹಸಿರು. ಕಾರಣ ಎಂಬಲ್ಲಿ 'ಹೃದಯಾಘಾತ', 'ವಯಸ್ಸು', 'ಬಿದ್ದು ಪೆಟ್ಟು'. ಅವರಲ್ಲಿ ಒಬ್ಬನಿಗೆ ಅಣ್ಣನಿಂದ ಬಂದ ಗುಳಿಗೆ, ಅವನೂ ಸತ್ತ ಮೇಲೆ, ಮೊನ್ನೆಯಿಂದ ಅವನ ನಾದಿನಿಯ ಕಂಕಣಕ್ಕೆ ಕೇಳಿಸುತ್ತಿತ್ತು. ಗುಳಿಗೆಗೇನೂ ಆತುರವಿರಲಿಲ್ಲ.

ಆ ನಾದಿನಿಗೆ ಇರ್ಫಾನ್ ಕೂಡಲೇ ಫೋನು ಮಾಡಿದ. ಅವಳು ಬಾಯಿಗೆ ಹಾಕಿಕೊಳ್ಳಲಿದ್ದ ಗುಳಿಗೆಯನ್ನು ಕೆಳಗಿಟ್ಟು, "ನಮ್ಮ ಭಾವ ಗಟ್ಟಿಮುಟ್ಟ ಇದ್ರು ಬಿಡ್ರಿ, ಅವರಿಗೇನೂ ಆಗಿರಲಿಲ್ಲ ಇದರಿಂದ," ಎಂದಳಂತೆ.

ಪಟ್ಟಣಶೆಟ್ಟರು ಪಟ್ಟಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನ ಗಡಿಬಿಡಿ ಮಾಡಿದ್ನಿ," ಎಂದರು.

"ಸಾಲು ಬರದಾಕಿ ನಾನ್ರೀ ಸರ್."

"ಇಬ್ಬರೂ ಕೂಡಿ ಜಗಳಾಡಿ ಏನು ಮಾಡೂದೈತಿ? ಮೊದಲು ನುಂಗಾವರಿಗೆ ಹೇಳ್ರಿ."

"ಕೆಂಪಾದೋರಿಗೆ ಇವತ್ತ ಹೇಳ್ತೀವ್ರಿ. ಆದ್ರ ಅವರ ಕೈಯಾಗಿನ ಗುಳಿಗಿ ಒಂದ ತಗೊಂಡ್ರ ಸಾಲೂದಿಲ್ಲ. ಕೊಟ್ಟಾವರ ಮನ್ಯಾಗ ಇನ್ನೂ ಇರ್ತಾವ. ಅವರು ಇನ್ನ್ಯಾರಿಗೆ ಕೊಟ್ಟಾರ ಅಂತ ಅವರನ್ನ ಕೇಳಬೇಕು."

ಹಾಗೆ ಹೊಸ ನಿಯಮವಾಯಿತು. ಸತ್ತವರ ಕಡತದಲ್ಲಿ ಬಂಧುವಿನ ಫೋನು ನಂಬರು ಇರುತ್ತದೆ. ಯಂತ್ರ ಅದಕ್ಕೆ ಕರೆ ಮಾಡಿ ಕೇಳುವುದು: ಗುಳಿಗೆ ಯಾರಿಗೆ ಕೊಟ್ಟಿರಿ, ಉಳಿದವು ಎಲ್ಲಿವೆ. ಪುಸ್ತಕದ ಭಾಷೆಯಲ್ಲಿ ಕೇಳಿದರೆ ಜನ ಬ್ಯಾಂಕಿನವರೆಂದು ಫೋನು ಇಟ್ಟುಬಿಡುತ್ತಾರೆ. ಅದಕ್ಕೆ ಕೇಂದ್ರದ ಕರೆಗಳೆಲ್ಲ ಮೊದಲಿನಿಂದಲೂ ಮಂದಾಕಿನಿಯ ಬೆಟಗೇರಿ ದನಿಯಲ್ಲೇ ಇದ್ದವು. ಹೊಸ ಪ್ರಶ್ನೆಗಳನ್ನೂ ಅವಳೇ ಓದಿ ತುಂಬಿಸಿದಳು. ಗಾಜಿನ ಗೂಡಿನಲ್ಲಿ ಕೂತು, ತಪ್ಪು ಹುಡುಕುವವಳಂತಲ್ಲದೆ ಓಣಿಯ ಅಕ್ಕನಂತೆ ಮಾತಾಡಿದಳು.

"ನಾಳೆ ಹನ್ನೊಂದಕ್ಕ ಒಮ್ಮಿಗೇ ಬಿಡ್ತೀನಿ," ಎಂದ ಇರ್ಫಾನ್. ಆಮೇಲೆ, ಪರದೆಯಿಂದ ಕಣ್ಣು ತೆಗೆಯದೆ, "ಅಕ್ಕಾರ, ಇದರಾಗ ನಿಮ್ಮ ಅವ್ವಾರ ಹೆಸರೂ ಐತಿ. ತಗದುಬಿಡ್ಲಿ? ಆ ಕೇಸು ಮುಗದೈತಲ್ಲ. ಮುದುಕಿ ತಾನ ತಗೊಂಡೀನಿ ಅಂದಾಳ, ವರದಿನೂ ಹೋಗೈತಿ."

ಒಂದು ಸಾಲು. ಗೆರೆ ಎಳೆದರೆ ಮುಗಿಯಿತು. ಗದ್ದಲದಲ್ಲಿ ಇನ್ನೊಂದು.

"ಇರಲಿ," ಎಂದಳು ಮಂದಾಕಿನಿ. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಬೇಕಾಯಿತು.

ಮೂರನೆಯ ದಿನ ಹತ್ತು ಗಂಟೆಗೇ ಅವಳು ವಾರ್ಡಿಗೆ ಹೋದಳು. ಫೋನು ಬರುವ ಮೊದಲು ತಾನಾಗಿ ಹೇಳಿಬಿಡಬೇಕು ಎಂದು ಮೆಟ್ಟಿಲು ಹತ್ತುವಾಗ ವಾಕ್ಯ ಜೋಡಿಸಿಕೊಂಡಿದ್ದಳು. ಚಿಗವ್ವ, ತಪ್ಪು ನಂದು. ಮೂರೇ ಪದ.

ರಕ್ತ ನಿಂತಿತ್ತು. ಹತ್ತಿ ಇನ್ನೂ ಕೆನ್ನೆಯಲ್ಲಿತ್ತು, ಆದರೆ ಬೆಳ್ಳಗಿತ್ತು. ಎರಡು ಬಾಟಲಿ ಪ್ಲಾಸ್ಮಾ ಏರಿಸಿದ ಮೇಲೆ ಜೀವಕ್ಕೆ ಭಯವಿಲ್ಲ ಎಂದಿದ್ದರು ಡಾಕ್ಟರು. ಕಸ್ತೂರಿ ಅತ್ತೆಗೆ ಚಮಚದಿಂದ ಗಂಜಿ ಕುಡಿಸುತ್ತ ಬೈಯುತ್ತಲೇ ಇದ್ದಳು, ಬೈಗುಳದ ಸದ್ದು ಮಾತ್ರ ತಗ್ಗಿತ್ತು.

"ನುಂಗ್ರಿ. ಇದನ್ನ ನುಂಗಾಕ ಎಷ್ಟು ಸೋಗು! ಕದ್ದ ಗುಳಿಗಿ ಆದ್ರ ಗುಟಕ್ಕನ ಹೋಗತಾವ."

"ಚಿಗವ್ವ," ಎಂದಳು ಮಂದಾಕಿನಿ.

"ಏನ... ಮಂದಾ?"

"ನೋವು ಐತೇನು?"

"ಈಗ ಆರಾಮ."

ಹತ್ತೂವರೆ. ಚಹಾ ಮಾರುವವನು ಬಂದು ಹೋದ. ಮಂದಾಕಿನಿ ಎದ್ದು ನೀರು ತುಂಬಿಸಿ ತಂದಳು. ಹತ್ತೂ ನಲವತ್ತು. ಕಸ್ತೂರಿ, ತನ್ನ ಗಂಡ ಬಂದು ತಾಯಿಗೆ ಏನೇನು ಅಂದ ಎಂಬುದನ್ನೆಲ್ಲ ಹೇಳಿದಳು. ಮುಂದೆ ಯಾರ ಮನೆಯ ಕೆಲಸಕ್ಕೂ ಅವಳನ್ನು ಕಳಿಸುವುದಿಲ್ಲವಂತೆ. ಕೈ ಚಟ ಇರುವವರನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ ಎಂದನಂತೆ. ನೀಲಗಂಗವ್ವ ಗೋಡೆಯನ್ನು ನೋಡುತ್ತಿದ್ದಳು. ಮಂದಾಕಿನಿ ಬಾಯಿ ತೆರೆದಳು. ನರ್ಸ್ ಬಂದು ಬಿಪಿ ನೋಡಿದಳು. ಅಷ್ಟು ನೆಪ ಸಾಕಾಯಿತು, ಬಾಯಿ ಮುಚ್ಚಿಕೊಂಡಿತು.

ಹನ್ನೊಂದಕ್ಕೆ ಫೋನು ಬಡಿದುಕೊಂಡಿತು.

ಅವಳು ಅದನ್ನು ಕಿವಿಗೆ ಹಿಡಿಯಲಿಲ್ಲ. ಗುಂಡಿ ಒತ್ತಿ ಮಂಚದ ಮೇಲಿಟ್ಟಳು. ಅವಳದೇ ದನಿ, ಅವಳಿಗಿಂತ ಹೆಚ್ಚು ಧೈರ್ಯದ ದನಿ, ವಾರ್ಡಿನಲ್ಲಿ ಕೇಳಿಸಿತು.

"ನಮಸ್ಕಾರ್ರಿ. ಔಷಧ ನಿಗಾ ಕೇಂದ್ರದಿಂದ ಮಾತಾಡಾಕತ್ತೀನಿ. ನಿಮ್ಮ ಮನಿಯ ಅಂಬವ್ವ ಕೊಪ್ಪದ ಅವರು ತೀರಿಕೊಂಡಾರ. ಅವರ ಗುಳಿಗಿ ಬ್ಯಾರೆ ಯಾರೋ ತಗೊಳ್ಳಾಕತ್ತಾರ. ಸಿಟ್ಟಿಲ್ರಿ, ಹೆದರಬ್ಯಾಡ್ರಿ. ಆ ಗುಳಿಗಿ ಯಾರು ಕೊಟ್ರಿ? ಯಾರಿಗೆ ಕೊಟ್ರಿ?"

ಕಸ್ತೂರಿಯ ಕೈಯ ಚಮಚ ಗಾಳಿಯಲ್ಲಿ ನಿಂತಿತು. ಫೋನನ್ನೊಮ್ಮೆ, ಮಂದಾಕಿನಿಯನ್ನೊಮ್ಮೆ ನೋಡಿದಳು.

"ನಾನು," ಎಂದಳು ಮಂದಾಕಿನಿ. ಅದು ಉಸಿರಿನಷ್ಟೇ ಸದ್ದು ಮಾಡಿತು.

"ಸರಿಯಾಗಿ ಕೇಳಿಸಲಿಲ್ರಿ," ಎಂದಿತು ಅವಳ ದನಿ. "ಇನ್ನೊಮ್ಮೆ ಸ್ವಲ್ಪ ಜೋರಾಗಿ ಹೇಳ್ರಿ."

ಪಕ್ಕದ ಮಂಚದವಳು ಎದ್ದು ಕೂತಳು.

"ನಾನ ಕೊಟ್ಟೆ. ಚಂಚಿ ತುಂಬ ಗುಳಿಗಿ ಇದ್ದದ್ದು ಗೊತ್ತಿದ್ದೇ ಕೊಟ್ಟೆ. ನೀಲಗಂಗವ್ವ ಹಾದಿಮನಿ ಅವರಿಗೆ. ಅವರು ಕದ್ದಿಲ್ಲ. ಅವರ ದೀಪ ಹಸಿರು ಇಟ್ಟಾಕೀನೂ ನಾನ."

ಯಂತ್ರ ಉತ್ತರವನ್ನು ಬರೆದುಕೊಳ್ಳುವಷ್ಟು ಹೊತ್ತು ಸುಮ್ಮನಾಯಿತು. ಕಸ್ತೂರಿ ಚಮಚವನ್ನು ಬಟ್ಟಲಿಗಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಬರುವ ಮೊದಲಿನ ಬಿಳಿ ಬಣ್ಣ. ನೀಲಗಂಗವ್ವ ಎರಡು ಬೆರಳು ಬಾಯೊಳಗೆ ಹಾಕಿ ಹತ್ತಿಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಮೂರು ದಿನದ ಮೇಲೆ ಅವಳ ಮಾತು ತೊಡರಿಲ್ಲದೆ ಬಂತು.

"ಎಲ್ಲಾ ಕೂಡೇ ನುಂಗಬೌದೇನ ಮಂದಾ ಅಂತ ನಾ ಕೇಳಿದ್ನಿ."

"ಹೌದು ಚಿಗವ್ವ."

"ನೀ ಹೂಂ ಅಂದಿ."

"ಅಂದೆ."

"ನೀ ಕಲತಾಕಿ. ಅದಕ್ಕ ಮತ್ತೊಬ್ಬರನ್ನ ಕೇಳಲಿಲ್ಲ."

ಅದರಲ್ಲಿ ಬೈಗುಳವಿರಲಿಲ್ಲ, ಕ್ಷಮೆಯೂ ಇರಲಿಲ್ಲ.

"ಉಳಿದ ಗುಳಿಗಿ ಈಗ ಎಲ್ಲಿ ಅದಾವ್ರಿ?" ಎಂದು ಕೇಳಿತು ಫೋನು, ಓಣಿಯ ಅಕ್ಕನ ದನಿಯಲ್ಲಿ.

ನೀಲಗಂಗವ್ವ ತಲೆದಿಂಬಿನ ಕೆಳಗೆ ಕೈ ಹಾಕಿ ಚಂಚಿಯನ್ನು ಎಳೆದಳು. ಸುಣ್ಣದ ಜೇಬು, ಎಲೆಯ ಜೇಬು, ಅಡಿಕೆಯ ಜೇಬು, ಒಂದೊಂದನ್ನೂ ಬಿಚ್ಚಿ ಚಾದರದ ಮೇಲೆ ಕೊಡವಿದಳು. ಬಿಳಿ, ಹಳದಿ, ತಿಳಿಗುಲಾಬಿ ಗುಳಿಗೆಗಳು ಉರುಳಿ ಮಂದಾಕಿನಿಯ ಕಡೆಯ ಮಡಿಕೆಯಲ್ಲಿ ಗುಂಪಾದವು. ಬರಿದಾದ ಚಂಚಿಯನ್ನು ನಾಲ್ಕು ಮಡಿಕೆ ಮಾಡಿ ಅವಳು ಮತ್ತೆ ತನ್ನ ತಲೆದಿಂಬಿನ ಕೆಳಗೇ ಇಟ್ಟುಕೊಂಡಳು.

"ಎಣಿಸ್ಕೋ," ಎಂದಳು.

ಮಂದಾಕಿನಿ ಎಣಿಸತೊಡಗಿದಳು, ಜೋರಾಗಿ, ಫೋನಿಗೆ ಕೇಳಿಸುವ ಹಾಗೆ.